ಬೆದರಿಕೆ ಪತ್ರ ಹಾಕಿದ್ದೂ ಹಿಂಸೆಯ ಅಪರಾಧವೇ? ಅನುಭವ ಇದ್ದವರು ತಿಳಿಸಿ

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನನ್ನ ತಮ್ಮ ಹಳೆಯ ಮನೆ ಮಾಲೀಕರ ಜೊತೆ ಜಗಳವಾಡಿಕೊಂಡು, ಕೈಕಾಲು ಮುರಿಯುತ್ತೇನೆ ಅಂತ ಪತ್ರ ಬರೆದು ಅಂಚೆಗೆ ಹಾಕಿಬಿಟ್ಟ. ಫೆಡರಲ್ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿದ್ದಾನೆ. ಯಾರ ಮೈಮೇಲೂ ಕೈ ಮಾಡಿಲ್ಲ. ಆದರೂ ವಕೀಲರು ಇದನ್ನು ಹಿಂಸೆಯ ಅಪರಾಧ ಅನ್ನುತ್ತಾರೆ. ಶಿಕ್ಷೆ ಜಾಸ್ತಿ ಆಗುತ್ತಾ? ಅವನಿಗೆ ಗ್ರೀನ್ ಕಾರ್ಡ್ ಇದೆ, ಹಿಂದೆ ಯಾವ ಕೇಸೂ ಇಲ್ಲ.

ಉತ್ತರ 1

ಅಕ್ಕ, ನನ್ನ ಮೈದುನನಿಗೂ ಇದೇ ಆಗಿತ್ತು. ನಾವೂ "ಹೊಡೆದಿಲ್ವಲ್ಲ" ಅಂತಲೇ ವಾದಿಸಿದೆವು. ಆದರೆ ಕಾನೂನಿನಲ್ಲಿ ಬಲ ಬಳಸುವುದು, ಬಳಸಲು ನೋಡುವುದು, ಬಳಸುತ್ತೇನೆ ಅಂತ ಬೆದರಿಸುವುದು, ಮೂರೂ ಒಂದೇ ಸಾಲಿನಲ್ಲಿವೆ. ಅಂಚೆ ಬೆದರಿಕೆಯ 876(ಸಿ) ಸೆಕ್ಷನ್‌ನಲ್ಲಿ ಎರಡು ಬಗೆ: ಅಪಹರಿಸುತ್ತೇನೆ ಅನ್ನುವುದು, ಗಾಯ ಮಾಡುತ್ತೇನೆ ಅನ್ನುವುದು. ಅಪಹರಣವನ್ನು ಬಲ ಬಳಸದೆ ಬರೀ ಮೋಸದಿಂದಲೂ ಮಾಡಬಹುದು, ಅದಕ್ಕೇ ಅಲ್ಲಿ ವಾದಕ್ಕೆ ಜಾಗ ಇದೆ. ಗಾಯದ ಬೆದರಿಕೆ ಹಿಂಸೆಯ ಅಪರಾಧವೇ ಅಂತ ಥರ್ಡ್ ಸರ್ಕ್ಯೂಟ್ ಅನ್ನುವ ಫೆಡರಲ್ ಮೇಲ್ಮನವಿ ಕೋರ್ಟು 2017ರಲ್ಲೇ ಹೇಳಿದೆ. ನ್ಯೂಜೆರ್ಸಿ ಅದರ ಕೆಳಗೇ ಬರುತ್ತದೆ.

ಆದರೆ ಆ ಹೆಸರಿನಿಂದ ಶಿಕ್ಷೆ ದಿಢೀರನೆ ಏರುವುದು ಹಿಂದೆ ಅಂಥವೇ ಎರಡು ದೊಡ್ಡ ಕೇಸು ಇದ್ದವರಿಗೆ. ನಿಮ್ಮ ತಮ್ಮನಿಗೆ ಅದು ತಗಲುವುದಿಲ್ಲ. ಗರಿಷ್ಠ 5 ವರ್ಷ. ಶಿಕ್ಷೆ ಎಷ್ಟು ಅಂತ ಜಡ್ಜ್ ನೋಡುವ ಗೈಡ್‌ಲೈನ್ ಲೆಕ್ಕ 12ನೇ ಮಟ್ಟದಿಂದ ಶುರು, ಮಟ್ಟ ಏರಿದಷ್ಟೂ ಶಿಕ್ಷೆ ಜಾಸ್ತಿ. ಮಾತಿನಂತೆ ಮಾಡಲು ಹೊರಟಿದ್ದ ಅಂತ ಕಂಡರೆ 6 ಕೂಡುತ್ತಾರೆ. ಹೆಚ್ಚು ಯೋಚಿಸದೆ ಒಂದೇ ಸಲ ಬರೆದದ್ದಾದರೆ 4 ಕಳೆಯುತ್ತಾರೆ. ಈ 4ಕ್ಕಾಗಿ ಬಿಡದೆ ಹೋರಾಡಿ. ನನ್ನ ಮೈದುನ ಪತ್ರವನ್ನು ಮೂರು ಸಲ ತಿದ್ದಿ ಬರೆದಿದ್ದ. ಕಸದ ಬುಟ್ಟಿಯಲ್ಲಿ ಸಿಕ್ಕ ಮುದುಡಿದ ಹಾಳೆಗಳನ್ನು ಕೋರ್ಟಿನಲ್ಲಿ ಒಂದೊಂದಾಗಿ ಬಿಡಿಸಿ ತೋರಿಸಿದರು. ಆ 4 ನಮಗೆ ಸಿಗಲಿಲ್ಲ.

ಶಿಕ್ಷೆಗೆ ಮುಂಚೆ ಪ್ರೊಬೇಷನ್ ಅಧಿಕಾರಿಯ ವರದಿ ಕೈಗೆ ಬರುತ್ತದೆ. ಅದರಲ್ಲಿ ತಪ್ಪಿದ್ದರೆ 14 ದಿನದೊಳಗೆ ಆಕ್ಷೇಪಣೆ ಹಾಕಬೇಕು. ಪ್ರತಿ ಸಾಲನ್ನೂ ಓದಿ.

ಉತ್ತರ 2

ನಾನು ವಲಸೆ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನನಗೆ ಹೆಚ್ಚು ಭಯ ಗ್ರೀನ್ ಕಾರ್ಡಿನದು. ಹಿಂಸೆಯ ಅಪರಾಧಕ್ಕೆ 1 ವರ್ಷ ಅಥವಾ ಜಾಸ್ತಿ ಶಿಕ್ಷೆ ಬಿದ್ದರೆ ವಲಸೆ ಕಾನೂನು ಅದನ್ನು ಘೋರ ಅಪರಾಧಗಳ ಪಟ್ಟಿಗೆ ಸೇರಿಸುತ್ತದೆ. ಆಮೇಲೆ ಗಡೀಪಾರು ತಪ್ಪಿಸುವುದು ತುಂಬಾ ಕಷ್ಟ. ತಪ್ಪೊಪ್ಪಿಕೊಂಡಿದ್ದಕ್ಕೆ 2 ಕಳೆದು ಮಟ್ಟ 10ಕ್ಕೆ ಇಳಿದರೆ ಲೆಕ್ಕ 6ರಿಂದ 12 ತಿಂಗಳು. ಆ 12 ತಿಂಗಳೇ ಗಂಡಾಂತರ. 364 ದಿನವಾದರೆ ಈ ಪಟ್ಟಿಯಿಂದ ಆಚೆ. ಒಂದೇ ದಿನದ ವ್ಯತ್ಯಾಸ! ಗಡೀಪಾರಿನ ಅಪಾಯವನ್ನು ಕ್ರಿಮಿನಲ್ ವಕೀಲರು ಹೇಳಲೇಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲೇ ತೀರ್ಪು ಕೊಟ್ಟಿದೆ. ಶಿಕ್ಷೆಯ ದಿನಕ್ಕೆ ಮುಂಚೆಯೇ ಕ್ರಿಮಿನಲ್ ವಕೀಲರು, ವಲಸೆ ವಕೀಲರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿ.

ಉತ್ತರ 3

ನನಗೆ ಇಂಥ ಪತ್ರ ಬಂದಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಎರಡು ತಿಂಗಳು ಕಿಟಕಿಯ ಪರದೆ ಸರಿಸಲಿಲ್ಲ. ಮಗಳನ್ನು ಸ್ಕೂಲ್ ಬಸ್ಸಿಗೆ ಒಬ್ಬಳನ್ನೇ ಕಳಿಸಲಿಲ್ಲ. ಯಾರೂ ನನ್ನನ್ನು ಮುಟ್ಟಿರಲಿಲ್ಲ, ನಿಜ. ನಿಮ್ಮ ತಮ್ಮನಿಗೆ ಪಶ್ಚಾತ್ತಾಪ ಇದ್ದರೆ ಜಡ್ಜ್ ಮುಂದೆ ಅವನ ಬಾಯಿಂದಲೇ ಬರಲಿ. ಆ ಮಾಲೀಕರಿಗೆ ಮಾತ್ರ ನೇರವಾಗಿ ಏನೂ ಬರೆಯಬೇಡಿ, ಕ್ಷಮೆಯ ಪತ್ರವನ್ನೂ ಬೇಡ. ಅದೇ ಕೈಬರಹದ ಲಕೋಟೆ ಮತ್ತೆ ಕಂಡರೆ ಅವರ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅಂತ ನನಗೆ ಗೊತ್ತು.