ಮೇಲ್ಮನೆ ದೋಸೆ ಹಂಚಾಗಿದೆ, ಏಸಿ ಹಾಕಿಸ್ಲಾ ಬೇಡ್ವಾ?

ನಿಟುವಳ್ಳಿ ಮೇಲ್ಮನೆ
ದಾವಣಗೆರೆಯಲ್ಲಿ ಎರಡನೇ ಮಹಡಿ, ಸ್ವಂತ ಮನೆ, ಮೇಲೆ ಬರೀ ಆರ್‌ಸಿಸಿ ತಾರಸಿ. ಏಪ್ರಿಲ್‌ನಲ್ಲಿ ರಾತ್ರಿ 11 ಆದರೂ ಮಂಚದ ಮೇಲೆ ನಿಂತು ಸೂರು ಮುಟ್ಟಿದರೆ ಬಿಸಿ. ಫ್ಯಾನ್ ಹಾಕಿದರೆ ಬಿಸಿಗಾಳಿ ತಲೆ ಮೇಲೆ ಸುರಿದಂತೆ. ಮನೆಯಲ್ಲಿ ಎಲ್ಲರೂ ಏಸಿ ಅಂತಾರೆ. ಈಗ ತಿಂಗಳಿಗೆ 130 ಯುನಿಟ್ ಆಸುಪಾಸು, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಏಸಿ ಬಂದರೆ ಅದು ಹೋಯ್ತು ಅಲ್ವಾ?

ವೈರಿಂಗ್ ಕೆಲಸದವನು
ಹೋಯ್ತು ಸರ್. ಒಂದೂವರೆ ಟನ್ನಿನದು ಓಡುವಾಗ ಸುಮಾರು 1500 ವಾಟ್ ಎಳೆಯುತ್ತದೆ. ನಡುನಡುವೆ ನಿಲ್ಲುತ್ತದೆ ಅಂದುಕೊಂಡರೂ ರಾತ್ರಿಗೆ 6 ಯುನಿಟ್ ಹಿಡಿಯಿರಿ, ತಿಂಗಳಿಗೆ 180. ನಿಮ್ಮ 130 ಸೇರಿ 310. ಯುನಿಟ್ 200 ದಾಟಿದ ತಿಂಗಳು ಜಾಸ್ತಿ ಆದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಕಟ್ಟಬೇಕು. ಮೊದಲು ಫ್ಯಾನ್ ಬದಲಿಸಿ. ಹಳೇದು 75 ವಾಟ್, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆ ಮೋಟರಿನದು) ಆದರೆ 35ರೊಳಗೆ. ಮೂರು ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 40 ಯುನಿಟ್ ಮೇಲೆ ಉಳಿಯುತ್ತದೆ.

ದುರ್ಗದ ಕೋಟೆ ಕೆಳಗಿನವ
ಫ್ಯಾನ್ ಸರಿ ಅಣ್ಣ, ಆದರೆ ಸೆಕೆ ಬರೋದು ಸೂರಿನಿಂದ. ಹಗಲೆಲ್ಲ ಬಿಸಿಲು ಕುಡಿದ ತಾರಸಿ ರಾತ್ರಿ ಅದನ್ನು ಒಳಗೆ ಬಿಡುತ್ತದೆ, ಫ್ಯಾನ್ ಅದನ್ನೇ ತಿರುಗಿಸುತ್ತದೆ ಅಷ್ಟೇ. ಚಳ್ಳಕೆರೆ ಕಡೆ ನಮ್ಮಜ್ಜನದು ಮಾಳಿಗೆ ಮನೆ, ದಪ್ಪ ಮಣ್ಣಿನ ಸೂರು, ಮಧ್ಯಾಹ್ನ ಎರಡು ಗಂಟೆಗೂ ತಂಪು. ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿ ಈಗ ಎಲ್ಲರೂ ಹೊರಗೆ ಕಟ್ಟೆ ಮೇಲೆ ಮಲಗುತ್ತಾರೆ!
ನಾನು ತಾರಸಿಗೆ ಸುಣ್ಣ ಹೊಡೆದೆ. ಸುಣ್ಣದ ಹರಳು ರಾತ್ರಿ ನೆನೆಹಾಕಿ, ಬೆಳಗ್ಗೆ ಸೋಸಿ, ಫೆವಿಕಾಲ್ ಬೆರೆಸಿ ಎರಡು ಕೋಟ್. ನೀರು ಬಿದ್ದ ಕೂಡಲೇ ಹರಳು ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ (ನಮ್ಮದೊಂದು ಸೊಟ್ಟಗಾಯ್ತು). ಬಿರುಕು ಇದ್ದರೆ ಮೊದಲು ಮುಚ್ಚಿಸಿ, ತಾರಸಿ ತೊಳೆದು, ಬಿಸಿಲು ಇಳಿದ ಮೇಲೆ ಹಚ್ಚಿ. ಕಾದ ತಾರಸಿಗೆ ಹಚ್ಚಿದರೆ ಪುಡಿಪುಡಿಯಾಗಿ ಏಳುತ್ತದೆ. ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಫೆಬ್ರುವರಿಯಲ್ಲಿ ಮತ್ತೆ ಇದೇ ಕೆಲಸ. ಕೂಲ್ ರೂಫ್ ಪೇಂಟ್ ಆದರೆ ಹೆಚ್ಚು ದಿನ ಬರುತ್ತದೆ, ದುಡ್ಡೂ ಹೆಚ್ಚು.

ಬಿ ಬ್ಲಾಕ್ ಗೃಹಿಣಿ
ಪಡುವಣ ಕಿಟಕಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಒಳಗೆ ಎಷ್ಟು ದಪ್ಪ ಪರದೆ ಹಾಕಿದರೂ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ. ಹೊರಗಡೆ ನೆರಳಿಗೆ ಹಸಿರು ನೆಟ್ ಆದರೂ ಬಿದಿರಿನ ತಟ್ಟಿ ಆದರೂ ಕಟ್ಟಿ. ಬೆಳಗ್ಗೆ ಹತ್ತಕ್ಕೆ ಕಿಟಕಿ ಮುಚ್ಚಿ, ಸಂಜೆ ತಂಪಾದ ಮೇಲೆ ತೆಗೆಯಿರಿ, ಸೊಳ್ಳೆ ಪರದೆ ಇರಲಿ. ಮುಂದೆ ಏಸಿ ತಂದರೂ 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಳ್ಳಿ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ. ಇಲ್ಲಾಂದ್ರೆ ದುಡ್ಡು ಕೊಟ್ಟ ತಂಪು ಸುಮ್ನೆ ಹಾಲ್‌ಗೆ ಹೋಗುತ್ತದೆ.

ನಿಟುವಳ್ಳಿ ಮೇಲ್ಮನೆ
ಭಾನುವಾರ ಸುಣ್ಣ ಹೊಡೆದಾಯ್ತು. ಮಧ್ಯಾಹ್ನ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲಬಹುದು, ಮೊದಲು ಕುಣಿಯಬೇಕಿತ್ತು. ರಾತ್ರಿ ಸೆಕೆ ಪೂರ್ತಿ ಹೋಗಿಲ್ಲ, ಆದರೆ ಹತ್ತೂವರೆಗೆ ನಿದ್ದೆ ಬರುತ್ತಿದೆ. ಬೆಡ್‌ರೂಮಿಗೆ ಒಂದು ಬಿಎಲ್‌ಡಿಸಿ ಫ್ಯಾನ್ ತಂದೆ, ಏಸಿ ಮಾತು ಸದ್ಯಕ್ಕೆ ನಿಂತಿದೆ. ಎದುರು ಮನೆ ಮೇಲಿನ ಅಜ್ಜಿ ಮಾತ್ರ ಬಿಳುಪು ಕಣ್ಣಿಗೆ ಹೊಡೀತದೆ ಅಂತ ದಿನಾ ಬೈತಾರೆ. ಅವರ ಕಡೆಗೂ ಒಂದು ನೆಟ್ ಕಟ್ಟಬೇಕು.