ಕೆಲಸದ ಸ್ಕೀಮ್‌ನಲ್ಲಿ ತಗೊಂಡ ಸೈಕಲ್ ಕಳುವಾಯ್ತು, ಇನ್ಶೂರೆನ್ಸ್‌ನವರು "ಅದು ನಿಮ್ಮದಲ್ಲ" ಅಂತಿದ್ದಾರೆ

ಹಾಸನದವಳು:
ಯುಕೆಯಲ್ಲಿರೋರು ಯಾರಾದ್ರೂ ದಾರಿ ಹೇಳಿ. ಕೇಂಬ್ರಿಜ್‌ನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದೀನಿ. ಸೆಪ್ಟೆಂಬರ್‌ನಲ್ಲಿ ಸೈಕಲ್ ಟು ವರ್ಕ್ ಸ್ಕೀಮ್‌ನಲ್ಲಿ 1,140 ಪೌಂಡಿನ ಸೈಕಲ್ ತಗೊಂಡೆ. ತೆರಿಗೆ ಹಿಡಿಯೋಕೆ ಮುಂಚೆಯೇ ಸಂಬಳದಲ್ಲಿ ತಿಂಗಳಿಗೆ 95 ಕಡಿತ, 12 ತಿಂಗಳು. ಐದು ಕಂತು ಮುಗಿದಿತ್ತು.

ಹೋದ ಮಂಗಳವಾರ ಸಂಜೆ ರೈಲಿಳಿದು ಬಂದು ನೋಡ್ತೀನಿ, ಸ್ಟ್ಯಾಂಡ್ ಖಾಲಿ. ಡಿ-ಲಾಕ್ ಒಡೆದ ಬಳೆ ಥರ ಎರಡು ತುಂಡಾಗಿ ಬಿದ್ದಿದೆ, ಕುಯ್ದ ಕಡೆ ಇನ್ನೂ ಫಳಫಳ ಹೊಳೀತಿತ್ತು. ಪಕ್ಕದಲ್ಲಿದ್ದ ತುಕ್ಕು ಹಿಡಿದ ಸೈಕಲ್‌ಗಳನ್ನ ಯಾರೂ ಮುಟ್ಟಿಲ್ಲ. ಅವರಿಗೂ ರುಚಿ ಗೊತ್ತು.

ಪೊಲೀಸರಿಗೆ ಕೊಟ್ಟಾಯ್ತು, ಕ್ರೈಮ್ ನಂಬರ್ ಬಂತು. ಮನೆಯ ಕಂಟೆಂಟ್ಸ್ (ಅಂದ್ರೆ ಮನೆ ಸಾಮಾನಿನ) ಇನ್ಶೂರೆನ್ಸ್‌ಗೆ ಫೋನ್ ಮಾಡಿ "ಕಂಪನಿ ಕೊಡಿಸಿದ ಸೈಕಲ್" ಅಂದೆ. ಆ ಹುಡುಗ ಎರಡೇ ನಿಮಿಷದಲ್ಲಿ, "ಹಾಗಾದ್ರೆ ಮಾಲೀಕರು ನೀವಲ್ಲ, ನಮ್ಮ ಪಾಲಿಸಿಗೆ ಬರಲ್ಲ" ಅಂದುಬಿಟ್ಟ. ಎಚ್‌ಆರ್‌ನವರು "ಉಳಿದ 7 ಕಂತು ನೀವು ಕಟ್ಟಲೇಬೇಕು" ಅಂತಾರೆ. ಕಳ್ಳನಿಗೆ ಸೈಕಲ್, ಕಂತು ನನಗೆ. ಇದು ಯಾವ ನ್ಯಾಯ?

ಕ್ಲೇಮ್ಸ್_ಕಿಟ್ಟಿ:
ಅಕ್ಕಾ, ನಾನು ಲೆಸ್ಟರ್‌ನಲ್ಲಿದ್ದೀನಿ, 11 ವರ್ಷ ಇದೇ ಕ್ಲೇಮ್ಸ್ ಕೆಲಸ ಮಾಡಿದವನು. ಫೋನಲ್ಲಿ "ಕಂಪನಿ ಸೈಕಲ್" ಅಂದದ್ದೇ ಎಡವಟ್ಟು. ಆ ಹುಡುಗ ಅದನ್ನ ಆಫೀಸ್ ಲ್ಯಾಪ್‌ಟಾಪ್ ಥರ ವ್ಯವಹಾರದ ಸಾಮಾನು ಅಂದ್ಕೊಂಡಿದ್ದಾನೆ.

ಸೈಕಲ್ ಸದ್ಯಕ್ಕೆ ನಿಮ್ಮದಲ್ಲ ಅನ್ನೋದು ನಿಜ. ಈ ಸ್ಕೀಮ್‌ನಲ್ಲಿ ಕೆಲಸ ಕೊಟ್ಟವರು ಕೊಂಡು ನಿಮಗೆ ಬಾಡಿಗೆಗೆ ಕೊಟ್ಟಿರ್ತಾರೆ. 12 ತಿಂಗಳಾದ ಮೇಲೂ ತಾನಾಗೇ ನಿಮ್ಮದಾಗಲ್ಲ. ನಿಮ್ಮದು ಮಾಡ್ಕೋಬೇಕಂದ್ರೆ, 500 ಪೌಂಡ್ ದಾಟಿದ ಸೈಕಲ್‌ಗೆ ಒಂದು ವರ್ಷದ ಕೊನೆಗೆ ತೆರಿಗೆ ಇಲಾಖೆಯ ಪಟ್ಟಿ ಪ್ರಕಾರ ಮೂಲ ಬೆಲೆಯ 25% ಹಿಡೀತಾರೆ, ನಿಮ್ಮ ಲೆಕ್ಕದಲ್ಲಿ 285 ಪೌಂಡ್. ಅದಕ್ಕೇ ತುಂಬಾ ಜನ 7% ಡಿಪಾಸಿಟ್ ಕಟ್ಟಿ ಬಾಡಿಗೆ ಅವಧಿಯನ್ನೇ ಮುಂದಕ್ಕೆ ಎಳೀತಾರೆ.

ಆದ್ರೆ ಮನೆ ಇನ್ಶೂರೆನ್ಸ್ ಬರೀ ಮಾಲೀಕತ್ವ ನೋಡಿ ನಡೆಯೋದಲ್ಲ. ಪಾಲಿಸಿ ಪುಸ್ತಕ ತೆಗೀರಿ, ಮೊದಲ ಪುಟಗಳಲ್ಲಿ "ಕಂಟೆಂಟ್ಸ್" ಅಂದ್ರೆ ಏನು ಅಂತ ಬರೆದಿರುತ್ತೆ. "ನಿಮಗೆ ಸೇರಿದ, ಅಥವಾ ಕಾನೂನು ಪ್ರಕಾರ ನೀವು ಜವಾಬ್ದಾರರಾದ" ವಸ್ತುಗಳು ಅನ್ನೋ ಅರ್ಥದ ಮಾತು ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತೆ. ಆ "ಅಥವಾ" ಮೇಲೆ ಬೆರಳಿಡಿ. ಆಮೇಲೆ ಸ್ಕೀಮ್‌ನ ಬಾಡಿಗೆ ಕರಾರು ತೆಗೀರಿ. ಕಳೆದುಹೋದ್ರೆ, ಕಳುವಾದ್ರೆ ಹೊಣೆ ನಿಮ್ಮದು ಅಂತ ಅಲ್ಲಿ ಬರೆದೇ ಇರುತ್ತೆ. ಎಚ್‌ಆರ್‌ನವರು ಕಂತು ಕೇಳ್ತಿರೋದೂ ಆ ಸಾಲಿನ ಬಲದ ಮೇಲೇ. ಎರಡೂ ಪುಟ ಜೋಡಿಸಿ ಇಮೇಲ್ ಮಾಡಿ, ಫೋನ್ ಬೇಡ. ಮನೆಯಿಂದ ಕೆಲಸಕ್ಕೆ ಸೈಕಲ್ ತುಳಿಯೋದು ವ್ಯವಹಾರದ ಬಳಕೆ ಅಲ್ಲ ಅಂತಾನೂ ಒಂದು ಸಾಲು ಸೇರಿಸಿ.

ಇನ್ನೊಂದು ಮಾತು. ಪಾಲಿಸಿ ಜೊತೆ ಬಂದ ನಿಮ್ಮ ಶೆಡ್ಯೂಲ್‌ನಲ್ಲಿ (ವಿವರದ ಪಟ್ಟಿ) "ಮನೆಯ ಹೊರಗೆ" ರಕ್ಷಣೆ ಇದೆಯಾ, ಒಂದೇ ವಸ್ತುವಿಗೆ ಎಷ್ಟರವರೆಗೆ ಕೊಡ್ತಾರೆ, ಇವೆರಡನ್ನೂ ನೋಡಿ. ಇವು ಇಲ್ಲದಿದ್ರೆ ಮೇಲೆ ನಾನು ಹೇಳಿದ್ದೆಲ್ಲ ನೀರಲ್ಲಿ ಹೋಮ.

ಬೀಗದ_ಭಟ್ಟ:
ಮೊದಲು ಬೀಗ ಯಾವುದು ಹೇಳಿ ಮೇಡಂ. ಬೀಗಗಳ ಗಟ್ಟಿತನ ಪರೀಕ್ಷಿಸಿ ಕೊಡೋ ಸೋಲ್ಡ್ ಸೆಕ್ಯೂರ್ ಮುದ್ರೆ ಇತ್ತಾ? ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ದರ್ಜೆಗಳಿವೆ, ದುಬಾರಿ ಸೈಕಲ್‌ಗೆ ಗೋಲ್ಡ್ ಕೇಳೋ ಪಾಲಿಸಿಗಳಿವೆ. ಚಕ್ರಕ್ಕೆ ಮಾತ್ರ ಹಾಕಿದ್ರೆ ಸಾಲದು, ಫ್ರೇಮ್ ಒಳಗಿಂದ ಕಂಬಕ್ಕೆ ಹೋಗಿರಬೇಕು. ನನ್ನ ಕ್ಲೇಮ್ ಬಿದ್ದುಹೋದದ್ದು ಅಲ್ಲೇ, 9 ಪೌಂಡಿನ ಕೇಬಲ್ ಲಾಕ್ ನೆಚ್ಚಿಕೊಂಡಿದ್ದೆ. ಇವತ್ತಿಗೂ ಹೆಂಡತಿ ಆಡಿಕೊಳ್ತಾಳೆ.

ಸ್ಟುಟ್‌ಗಾರ್ಟ್_ಸೋಮ:
ಇಲ್ಲಿ ಜರ್ಮನಿಯಲ್ಲಿ ನನಗೂ ಕೆಲಸದವರ ಲೀಸ್ ಸೈಕಲ್. ಕಳವಿನ ಇನ್ಶೂರೆನ್ಸ್ ತಿಂಗಳ ಕಂತಿನಲ್ಲೇ ಸೇರಿದೆ. ನಿಮ್ಮ ಸ್ಥಿತಿ ಓದಿ ಅಯ್ಯೋ ಅನ್ನಿಸ್ತು. ಉಪಯೋಗಕ್ಕೆ ಬರೋ ಮಾತಲ್ಲ, ಕ್ಷಮಿಸಿ.

ಹಾಸನದವಳು:
ಕಿಟ್ಟಿಯವರೇ, ಪುಟ 6ರಲ್ಲಿ ಆ "ಅಥವಾ" ಇದೆ! ಹೊರಗಿನ ರಕ್ಷಣೆನೂ ಇದೆ, ಸೈಕಲ್‌ಗೆ 1,500ರವರೆಗೆ. ಭಟ್ಟರೇ, ಬೀಗ ಗೋಲ್ಡ್, ರಸೀದಿ ಇಮೇಲಲ್ಲಿ ಸಿಕ್ತು. ಸೈಕಲ್‌ನ ಫೋಟೋ ಕೇಳಿದ್ರು. ನನ್ನ ಹತ್ರ ಇದ್ದದ್ದು ಆಯುಧಪೂಜೆ ದಿನದ್ದೊಂದೇ: ಹ್ಯಾಂಡಲ್‌ಗೆ ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು, ಸೀಟಿನ ಮೇಲೆ ಅದೇ ಬೀಗ, ಅದಕ್ಕೂ ಕುಂಕುಮ. ಹಾಗೇ ಕಳಿಸಿದೆ. ಏನಂದ್ಕೊಂಡ್ರೋ.

ಒಂದೇ ಪ್ರಶ್ನೆ ಉಳಿದಿದೆ. ಎಚ್‌ಆರ್‌ನವರು ಮುಂದಿನ ತಿಂಗಳಿಂದ ತೆರಿಗೆ ಹಿಡಿದ ಮೇಲಿನ ಸಂಬಳದಿಂದ ಕಡಿತ ಅಂತಿದ್ದಾರೆ. ಯಾಕೆ?

ಕ್ಲೇಮ್ಸ್_ಕಿಟ್ಟಿ:
ಸೈಕಲ್ಲೇ ಇಲ್ಲ ಅಂದ್ಮೇಲೆ ಬಾಡಿಗೆ ಎಲ್ಲಿಂದ ಬಂತು, ಬಾಡಿಗೆ ಇಲ್ಲದಿದ್ರೆ ತೆರಿಗೆ ರಿಯಾಯಿತಿನೂ ಇಲ್ಲ, ಅದು ಅವರ ವಾದ. ನೀವು 20% ತೆರಿಗೆಯವರಾದ್ರೆ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಲ್ಲಿ ಸರ್ಕಾರ ಹಿಡಿಯೋ ವಂತಿಗೆ) 8% ಸೇರಿ ಉಳಿದು, 95ರ ಕಂತಿಗೆ ನಿಮ್ಮ ಕೈಯಿಂದ ಹೋಗ್ತಿದ್ದದ್ದು 68.40 ಮಾತ್ರ. ಈಗ ಪೂರ್ತಿ 95. ಏಳು ತಿಂಗಳಿಗೆ 186 ಚಿಲ್ಲರೆ ಹೆಚ್ಚು. ಇನ್ಶೂರೆನ್ಸ್‌ನವರು ಹೊಸ ಸೈಕಲ್ ಕೊಟ್ರೆ, ಅದನ್ನೇ ಹಳೇ ಕರಾರಿಗೆ ಸೇರಿಸ್ತೀರಾ ಅಂತ ಎಚ್‌ಆರ್‌ಗೆ ಈಗಲೇ ಬರೆದು ಕೇಳಿ. ಕೆಲವು ಕಡೆ ಒಪ್ತಾರೆ.

ಇನ್ಶೂರೆನ್ಸ್‌ನವರು ಮತ್ತೆ ಇಲ್ಲ ಅಂದ್ರೆ ಲಿಖಿತವಾಗಿ ದೂರು ಕೊಡಿ. ಅವರ ಅಂತಿಮ ಉತ್ತರ ಬಂದ ಮೇಲೆ, ಅಥವಾ 8 ವಾರ ಆದ್ರೂ ಬರದೇ ಇದ್ರೆ, ಇಂಥ ದೂರುಗಳನ್ನ ತೀರ್ಮಾನಿಸೋ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಹತ್ರ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಹೋಗಿ. ತುಂಡಾದ ಬೀಗ ಎಲ್ಲಿದೆ?

ಹಾಸನದವಳು:
ನಮ್ಮೆಜಮಾನ್ರು ಕಸಕ್ಕೆ ಹಾಕಿದ್ರು. ಈಗ ತಾನೇ ಡಬ್ಬಿಯಿಂದ ಎತ್ತಿ, ತೊಳೆದು, ಬೀಗದಕೈ ಸಮೇತ ಬ್ರೆಡ್ ಕವರ್‌ನಲ್ಲಿ ಇಟ್ಟಿದ್ದೀನಿ.