ಅಪ್‌ಡೇಟ್: ಅಡುಗೆಮನೆ ಲೈಟ್ ಮಿನುಗಲು ಕಾರಣ ಲೂಸ್ ನ್ಯೂಟ್ರಲ್

ಬದಿಯಡ್ಕದ ನಮ್ಮ ಮನೆಯ ಅಡುಗೆಮನೆ ರಿಪೇರಿ ಆದಮೇಲೆ, ಮಿಕ್ಸಿ ಹಾಕಿದಾಗಲೆಲ್ಲ ಅಲ್ಲಿನ ಎಲ್‌ಇಡಿ ಲೈಟುಗಳು ಮಿನುಗುತ್ತವೆ, ಕಾರಣ ಏನಿರಬಹುದು ಎಂದು ಇಲ್ಲಿ ಮೊದಲು ಕೇಳಿದ್ದೆ. ಬಲ್ಬ್ ಬದಲಿಸಿದರೂ ಹಾಗೇ ಇತ್ತು. ಈಗ ಸರಿಯಾಗಿದೆ.

ಲೈನಿನಲ್ಲೇ ವೋಲ್ಟೇಜ್ ಕಡಿಮೆ ಇರಬಹುದು ಎಂದು ಹಲವರು ಹೇಳಿದ್ದಿರಿ. ಲೈಸೆನ್ಸ್ ಇರುವ ವಯರ್‌ಮ್ಯಾನ್ ಒಬ್ಬರನ್ನು ಕರೆಸಿದೆ. ಅವರು ಮಿಕ್ಸಿ ಓಡುತ್ತಿರುವಾಗಲೇ ಅಳೆದರು. ಮೈನ್ ಬೋರ್ಡಿನಲ್ಲಿ ವೋಲ್ಟೇಜ್ 230ರ ಆಸುಪಾಸಿನಲ್ಲೇ ನಿಂತಿತ್ತು. ಅಡುಗೆಮನೆಯ ಪ್ಲಗ್‌ನಲ್ಲಿ ಮಾತ್ರ ಕುಸಿಯುತ್ತಿತ್ತು. ಅಂದರೆ ತೊಂದರೆ ಇವೆರಡರ ನಡುವೆ, ಅಲ್ವಾ? ಮೈನ್ ಆಫ್ ಮಾಡಿ ಫಾಲ್ಸ್ ಸೀಲಿಂಗ್ ಮೇಲಿನ ಜಂಕ್ಷನ್ ಬಾಕ್ಸ್ ತೆರೆದರು. ರಿಪೇರಿ ಮಾಡಿದ ತಂಡದವರು ನ್ಯೂಟ್ರಲ್ ವಯರುಗಳನ್ನು (ಕರೆಂಟ್ ವಾಪಸ್ ಹೋಗುವ ವಯರುಗಳು) ಸುಮ್ನೆ ತಿರುಚಿ ಟೇಪ್ ಸುತ್ತಿಟ್ಟಿದ್ದರು. ಟೇಪ್ ಕರಗಿತ್ತು, ತಾಮ್ರ ಕಪ್ಪಾಗಿತ್ತು. ನೋಡಿ ನಿಜಕ್ಕೂ ಹೆದರಿಕೆಯಾಯಿತು.

"ಎಂಸಿಬಿ ಯಾಕೆ ಬೀಳಲಿಲ್ಲ ಅಣ್ಣಾ?" ಎಂದು ಕೇಳಿದೆ. ಅವರು ಹೇಳಿದ್ದು: ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನಾಗಿ ಆಫ್ ಆಗುವ ಸ್ವಿಚ್, ಬೀಳುವುದು ಕರೆಂಟ್ ಜಾಸ್ತಿ ಎಳೆದರೆ. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿಕೆ ಹಿಡಿಯುವ ಸ್ವಿಚ್, ಬೀಳುವುದು ಹೋದಷ್ಟು ಕರೆಂಟ್ ವಾಪಸ್ ಬರದಿದ್ದರೆ. ಲೂಸ್ ಜಾಯಿಂಟ್‌ನಲ್ಲಿ ಇವೆರಡೂ ಆಗುವುದಿಲ್ಲ, ಆ ಜಾಗ ಮಾತ್ರ ಬಿಸಿಯಾಗುತ್ತಾ ಹೋಗುತ್ತದೆ. ಹಾಗಾಗಿ ನಿಮ್ಮಲ್ಲೂ ಹೀಗೆ ಮಿನುಗುತ್ತಿದ್ದರೆ ಆ ಸರ್ಕ್ಯೂಟ್ ಆಫ್ ಮಾಡಿಡಿ, ಕಾಯಬೇಡಿ.

ಸುಟ್ಟ ತುದಿ ಕತ್ತರಿಸಿ ಸ್ಕ್ರೂ ಕನೆಕ್ಟರ್ ಹಾಕಿದರು. ಮಿಕ್ಸಿ ಪ್ಲಗ್‌ಗೆ ಬೋರ್ಡಿನಿಂದ ಬೇರೆಯೇ 2.5 ಚದರ ಮಿ.ಮೀ. ವಯರ್ ಎಳೆದರು. ಉತ್ತರ ಕೊಟ್ಟ ಎಲ್ಲರಿಗೂ, ಮುಖ್ಯವಾಗಿ "ನ್ಯೂಟ್ರಲ್ ನೋಡಿಸಿ" ಎಂದವರಿಗೆ, ತುಂಬಾ ಥ್ಯಾಂಕ್ಸ್. ಚಾವಡಿಯ ಬಾಕ್ಸ್‌ಗಳನ್ನೂ ಈ ವಾರ ತೆರೆದು ನೋಡಲಿಕ್ಕಿದೆ. ಅಲ್ಲಿ ಕೆಲಸ ಮಾಡಿದ್ದೂ ಅದೇ ತಂಡ.